ಹಂದಿಮರಿಗಳ ಭೇದಿಗೆ ಅಂದಾಜಿನ ಔಷಧ ಬೇಡ

ಮಾನ್ಯ ಸಂಪಾದಕರೇ,

ನಾನು ವಿಜಯಪುರ ಜಿಲ್ಲೆಯವನು. ಗೋವಾದ ಫೋಂಡಾ ತಾಲ್ಲೂಕಿನ ಹಂದಿ ಸಾಕಾಣಿಕೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ. ನನ್ನೊಡನೆ ದೊಡ್ಡಿ ತೊಳೆಯುವವರೂ ಔಷಧ ಕಲಸುವವರೂ ಉತ್ತರ ಕರ್ನಾಟಕದವರೇ ಆದ್ದರಿಂದ ಕನ್ನಡ ಪತ್ರಿಕೆಗೇ ಬರೆಯುತ್ತಿದ್ದೇನೆ.

ತಾಯಿಯ ಹಾಲು ಬಿಡಿಸಿದ ಮೊದಲ ಎರಡು ವಾರ ಹಂದಿಮರಿಗಳಿಗೆ ಗಂಡಾಂತರದ ಕಾಲ. ಹಾಲಿನೊಡನೆ ಸಿಗುತ್ತಿದ್ದ ರಕ್ಷಣೆ ನಿಂತು, ಹೊಸ ಆಹಾರಕ್ಕೆ ಕರುಳು ಇನ್ನೂ ಒಗ್ಗದಿರುವಾಗ ಇ. ಕೊಲೈ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಸ್ರವಿಸುತ್ತದೆ. ನೀರುನೀರಾಗಿ ಭೇದಿಯಾಗಿ, ಕಣ್ಣು ಗುಳಿಬಿದ್ದು, ಸಂಜೆ ಓಡಾಡುತ್ತಿದ್ದ ಮರಿ ಬೆಳಗ್ಗೆ ಏಳುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಹೀಗಾದಾಗ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಪುಡಿಯನ್ನು ನೀಲಿ ಡ್ರಮ್ಮಿನ ನೀರಿಗೆ ಅಂದಾಜಿನ ಮೇಲೆ ಕಲಸಿ ಕುಡಿಸಿದೆವು. ಮೂರನೆಯ ದಿನ ಮಲ ಗಟ್ಟಿಯಾದೊಡನೆ ನಿಲ್ಲಿಸಿಬಿಟ್ಟೆವು. ಮುಂದಿನ ಸಲ ಹಾಲು ಬಿಡಿಸಿದ ಮರಿಗಳಿಗೆ ಅದೇ ಪುಡಿ ನಾಟಲಿಲ್ಲ. ಮತ್ತೊಂದನ್ನು ತಂದೆವು, ಅದೂ ನಾಟಲಿಲ್ಲ. ಹನ್ನೊಂದು ಮರಿಗಳು ಸತ್ತ ಮೇಲೆ ಪಶುವೈದ್ಯರು ಮಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಪರೀಕ್ಷೆಯ ತಟ್ಟೆಯ ಚಿತ್ರವನ್ನು ನನಗೆ ತೋರಿಸಿದರು. ಔಷಧವಿರುವ ಸಣ್ಣ ಕಾಗದದ ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ಉಂಗುರ ಮೂಡಬೇಕಿತ್ತು. ನಾವು ಬಳಸಿದ ಎರಡೂ ಔಷಧಗಳ ಬಿಲ್ಲೆಯ ಅಂಚಿನವರೆಗೆ ಅವು ಹುಲುಸಾಗಿ ಬೆಳೆದಿದ್ದವು. ಅಂದರೆ ಆ ಔಷಧಗಳನ್ನು ತಾಳಿಕೊಳ್ಳುವ ಶಕ್ತಿ ಅವಕ್ಕಿತ್ತು. ಆ ಚಿತ್ರ ನನ್ನ ಕಣ್ಣಿಂದ ಹೋಗಿಲ್ಲ.

ಭೇದಿಗಳೆಲ್ಲ ಒಂದೇ ರೋಗವೂ ಅಲ್ಲ. ಬೆಳೆಯುವ ಹಂದಿಗಳಲ್ಲಿ ರಕ್ತ, ಲೋಳೆ ಬೆರೆತ ಭೇದಿಗೆ ಬ್ರಾಕಿಸ್ಪೈರಾ ಎಂಬ ಬೇರೊಂದು ಬ್ಯಾಕ್ಟೀರಿಯಾ ಕಾರಣವಾಗಿರಬಹುದು. ಅದಕ್ಕೆ ಕೊಡುತ್ತಿದ್ದ ಟೈಲೋಸಿನ್ ಎಂಬ ಔಷಧ ಹಲವು ದೇಶಗಳಲ್ಲಿ ಕೆಲಸಕ್ಕೆ ಬಾರದಂತಾಗಿ, ಟಿಯಾಮುಲಿನ್ ಎಂಬ ಇನ್ನೊಂದು ಔಷಧಕ್ಕೂ ಬಗ್ಗದ ತಳಿಗಳು ಕಾಣಿಸಿಕೊಂಡಿವೆ. ರೋಟಾವೈರಸ್ಸಿನ ಭೇದಿಗಂತೂ ಆ್ಯಂಟಿಬಯಾಟಿಕ್ ಮದ್ದೇ ಅಲ್ಲ.

ದೊಡ್ಡಿಯ ಈ ಸಂಗತಿ ದೊಡ್ಡಿಯಲ್ಲೇ ಉಳಿಯುವುದಿಲ್ಲ. ಮನುಷ್ಯರಿಗೆ ಬೇರಾವ ಔಷಧವೂ ನಾಟದಿದ್ದಾಗ ವೈದ್ಯರು ಮೊರೆಹೋಗುವ ಕೊಲಿಸ್ಟಿನ್ನನ್ನು ಸೋಲಿಸುವ ಎಂಸಿಆರ್-1 ಎಂಬ ಜೀನು ಚೀನಾದ ಹಂದಿಗಳಲ್ಲೂ ರೋಗಿಗಳಲ್ಲೂ ಸಿಕ್ಕ ಬ್ಯಾಕ್ಟೀರಿಯಾದಲ್ಲಿ ಇರುವುದು 2015ರಲ್ಲಿ ವರದಿಯಾಯಿತು. ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಲ್ಲದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಆದರೆ ಉಳಿದ ಔಷಧಗಳು ಚೀಟಿಯಿಲ್ಲದೆ ನಮ್ಮ ಕೈಗೆ ಸಿಕ್ಕಿದ್ದು ಹೇಗೆಂಬುದನ್ನು ಮೇಲೆ ಹೇಳಿದ್ದೇನೆ.

ಗೋವಾದ ಪಶುಸಂಗೋಪನಾ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ. ವೈದ್ಯರ ಚೀಟಿಯಿಲ್ಲದ ಮಾರಾಟವನ್ನು ತಡೆಯಬೇಕು. ಮೊದಲ ಮರಿಗೆ ಭೇದಿ ಕಂಡಾಗಲೇ, ಔಷಧ ಕೊಡುವ ಮುನ್ನ, ಮಾದರಿ ತೆಗೆದು ಕಳಿಸುವ ವ್ಯವಸ್ಥೆ ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೂ ಇರಬೇಕು. ಜೊತೆಗೆ ಔಷಧದ ಪ್ರಮಾಣ, ಕೊಡಬೇಕಾದ ದಿನಗಳು, ಕೊನೆಯ ಡೋಸಿನ ನಂತರ ಮಾಂಸಕ್ಕೆ ಕಾಯಬೇಕಾದ ಅವಧಿ (ಲೇಬಲ್ಲಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ನಮ್ಮ ಕಾನೂನಿನಂತೆ ಕನಿಷ್ಠ 28 ದಿನ) ಇವನ್ನು ಕೊಂಕಣಿ, ಮರಾಠಿಯೊಡನೆ ಕನ್ನಡದಲ್ಲೂ ಅಚ್ಚು ಹಾಕಿಸಿ ಹಂಚಬೇಕು. ನಮ್ಮಲ್ಲಿ ಡ್ರಮ್ಮಿಗೆ ಪುಡಿ ಕಲಸುವ ಹುಡುಗ ಕನ್ನಡ ಚೆನ್ನಾಗಿ ಓದುತ್ತಾನೆ. ಡಬ್ಬಿಯ ಮೇಲಿರುವುದು ಬರೀ ಇಂಗ್ಲಿಷ್.

– ಹಂದಿ ಸಾಕಾಣಿಕೆಯ ಮೇಲ್ವಿಚಾರಕ, ಫೋಂಡಾ, ಗೋವಾ