ಇಲಿಗಳಿಲ್ಲದ ಪ್ಲೇಗು

ಪ್ರಿಯ ಗೆಳೆಯ,

ನಿನ್ನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನೂ ನನ್ನ ಗಣಿತದ ಹುಡುಗ ಹುಡುಗಿಯರನ್ನೂ ಸೇರಿಸಿ ಪದವಿ ಮಟ್ಟದಲ್ಲೇ ಒಂದು ಸಂಶೋಧನೆ ಮಾಡಿಸೋಣವೇ ಎಂದು ಕೇಳಿದ್ದೀಯ. ಧಾರಾಳವಾಗಿ. ಆದರೆ ನೀನು ಸೂಚಿಸಿರುವ ಕೆಲಸದ ಹಂಚಿಕೆ ನನಗೆ ಒಪ್ಪಿಗೆಯಿಲ್ಲ. ನಿನ್ನವರು ಅಂಕಿಅಂಶ ತಂದುಕೊಟ್ಟು, ನನ್ನವರು ಸಮೀಕರಣ ಬಿಡಿಸಿಕೊಟ್ಟರೆ ಅದು ಗುತ್ತಿಗೆ ಕೆಲಸವಾಗುತ್ತದೆ. ಪ್ರಶ್ನೆಯನ್ನೇ ಇಬ್ಬರೂ ಕೂಡಿ ಕಟ್ಟಬೇಕು.

ಸಾಂಕ್ರಾಮಿಕ ರೋಗಗಳ ಗಣಿತದ ಬಗ್ಗೆ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಬರೆದ ಪ್ರಬಂಧದಿಂದ ಶುರು ಮಾಡೋಣ. ಮೊದಲನೆಯವರು ಪ್ರಯೋಗಾಲಯದ ಅವಘಡದಲ್ಲಿ ದೃಷ್ಟಿ ಕಳೆದುಕೊಂಡ ರಸಾಯನಶಾಸ್ತ್ರಜ್ಞ, ಎರಡನೆಯವರು ಭಾರತದಲ್ಲಿ ಸೇವೆ ಸಲ್ಲಿಸಿದ ವೈದ್ಯ. ಇಬ್ಬರೂ ಗಣಿತದ ಮೇಷ್ಟರಲ್ಲ ಎಂಬುದು ನನ್ನಂಥವನಿಗೆ ಕೊಂಚ ಚುರುಕು ಮುಟ್ಟಿಸುವ ಸಂಗತಿ! ಸಾಂಕ್ರಾಮಿಕ ರೋಗ ನಿಲ್ಲುವುದೇಕೆ ಎಂದು ಅವರು ಕೇಳಿದರು. ಸೋಂಕು ತಗಲಬಲ್ಲವರೆಲ್ಲ ಮುಗಿದುಹೋಗಬೇಕಿಲ್ಲ, ಅವರ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗ ಇಳಿಮುಖವಾಗುತ್ತದೆ ಎಂಬ ಉತ್ತರ ಬಂತು.

ಉದಾಹರಣೆಗೆ ಅವರು ಎತ್ತಿಕೊಂಡದ್ದು 1905–06ರ ಮುಂಬೈ ಪ್ಲೇಗಿನ ವಾರವಾರದ ಸಾವುಗಳನ್ನು. ಸೂತ್ರ ಇಷ್ಟೇ: ವಾರದ ಸಂಖ್ಯೆಯನ್ನು 0.2ರಿಂದ ಗುಣಿಸಿ 3.4 ಕಳೆ, ಬಂದದ್ದರ ಹೈಪರ್ಬಾಲಿಕ್ ಸೀಕೆಂಟಿನ (ಗಂಟೆಯಾಕಾರದ ರೇಖೆ ಕೊಡುವ ಒಂದು ಗಣಿತ ಫಲನ) ವರ್ಗವನ್ನು 890ರಿಂದ ಗುಣಿಸು. ಹದಿನೇಳನೆಯ ವಾರದಲ್ಲಿ, ಎಂದರೆ ಏಪ್ರಿಲ್ ನಡುವೆ, ಶಿಖರ. ವಕ್ರರೇಖೆಯ ಅಡಿಯ ಒಟ್ಟು ವಿಸ್ತೀರ್ಣ, ಎಂದರೆ ಸೂತ್ರದ ಲೆಕ್ಕದಲ್ಲಿ ಒಟ್ಟು ಸಾವು, 8,900. ಎರಡನೆಯ ವರ್ಷದ ವಿದ್ಯಾರ್ಥಿ ಪೆನ್ಸಿಲ್ಲಿನಲ್ಲೇ ಇದನ್ನು ಕಂಡುಹಿಡಿಯುತ್ತಾನೆ. ರೇಖೆ ಚುಕ್ಕಿಗಳ ಮೇಲೆ ಚೆನ್ನಾಗಿಯೇ ಕೂರುತ್ತದೆ, ನನ್ನವರು ಚಪ್ಪಾಳೆ ತಟ್ಟುತ್ತಾರೆ.

ನಿನ್ನವರು ಬಾಯಿ ತೆರೆಯಬೇಕಾದದ್ದು ಆಗಲೇ. ಪ್ಲೇಗು ಮೂಲತಃ ಇಲಿಗಳ ರೋಗವಲ್ಲವೇ? ಬ್ಯಾಕ್ಟೀರಿಯಾ ಬೆಳೆದು ಕರುಳಿನ ಮುಂಭಾಗ ಕಟ್ಟಿಕೊಂಡ ಇಲಿಯ ಚಿಗಟ ಹಸಿವು ತೀರದೆ ಮತ್ತೆ ಮತ್ತೆ ಕಚ್ಚುತ್ತದೆ. ಸಮೀಕರಣದಲ್ಲಿ ಇಲಿಯೂ ಇಲ್ಲ, ಚಿಗಟವೂ ಇಲ್ಲ. ಅಲ್ಲದೆ 1896ರಲ್ಲಿ ಕಾಲಿಟ್ಟ ಪ್ಲೇಗು ಮುಂಬೈಯಲ್ಲಿ ವರ್ಷವರ್ಷವೂ ಅದೇ ಋತುವಿನಲ್ಲಿ ಮರುಕಳಿಸಿತು. ಹಾಗಾದರೆ ಇಳಿಮುಖಕ್ಕೆ ಕಾರಣ ಆ ಮಿತಿಯೋ, ಬೇಸಿಗೆಯ ಬಿಸಿಗೆ ಸಾಯುವ ಚಿಗಟಗಳೋ? ತಮ್ಮ ಊಹೆಗಳು ಪೂರ್ತಿ ನಿಜವಲ್ಲ, ಇದು ಬರೀ ಸ್ಥೂಲ ಅಂದಾಜು ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ಮುಂದಿನ ಪಠ್ಯಪುಸ್ತಕಗಳು ಆ ಸಾಲನ್ನು ಮರೆತದ್ದೇ ಹೆಚ್ಚು. ಇಲಿಗಳನ್ನು ಒಳಗೆ ತರಲು ಎಷ್ಟು ಹೊಸ ಸಮೀಕರಣ ಬೇಕು, ಯಾವ ಅಳತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬ ಜಗಳ ಹತ್ತಿದರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಜೋಡಿಗೆ ಒಬ್ಬ ನಿನ್ನವ, ಒಬ್ಬ ನನ್ನವ. ಚಿಗಟದ ಕಥೆಯನ್ನು ಗಣಿತದವನೇ ಹೇಳಬೇಕು, ವಕ್ರರೇಖೆಯ ಇಳಿಜಾರನ್ನು ಬೋರ್ಡಿನ ಮೇಲೆ ನಿನ್ನವನೇ ವಿವರಿಸಬೇಕು. ಸೆಮಿಸ್ಟರಿನೊಳಗೆ ಪ್ರಬಂಧ ಅಚ್ಚಾಗಲೇಬೇಕೆಂಬ ಹಟ ಮಾತ್ರ ಬೇಡ.

ಕೈ ಪಳಗಿದ ಮೇಲೆ ಮಂಗನ ಕಾಯಿಲೆಗೆ ಬರೋಣ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗುಗಳಿಂದ ತಗಲುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಎಂದರೆ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆಂದು ಎಣಿಸುವ ಪುಸ್ತಕದ ಮಾದರಿ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ, ಮಕ್ಕಳು ತಾವೇ ಹೊಸದನ್ನು ಬರೆಯಬೇಕಾಗುತ್ತದೆ. ನಿನಗೆ ಶನಿವಾರ ಮಧ್ಯಾಹ್ನ ಬಿಡುವಿದೆಯೇ? ನಾಲ್ಕೈದು ಜನ ಸಾಕು, ಹೆಸರು ಕಳಿಸು.

ನಿನ್ನ,
ಗಣಿತದ ಗೆಳೆಯ