ಭಾನುವಾರದ ಮಾತುಕತೆ: ವಿಷದ ಅನಿಲದಿಂದ ಮದ್ದು?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7:30ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಹೋದ ಸಲ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬಗ್ಗೆ ಮಾತಾಡಿದ್ದೆವು ಅಲ್ವಾ, ಅದರದ್ದೇ ಮುಂದಿನ ಭಾಗ. ವಿಷಯ: ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲವನ್ನು ಬಿಡುವ ಸಂಯುಕ್ತಗಳು, ಅಂದರೆ ಕಾರ್ಮ್ (CORM).

ಇವುಗಳಲ್ಲಿ ಹೆಚ್ಚಿನವು ರುಥೇನಿಯಂ, ಮ್ಯಾಂಗನೀಸ್‌ನಂಥ ಲೋಹಕ್ಕೆ ಅನಿಲವನ್ನು ಕಟ್ಟಿಹಾಕಿದಂಥವು. ಕೆಲವು ಬೆಳಕು ಬಿದ್ದರೆ ಮಾತ್ರ ಅದನ್ನು ಬಿಡುತ್ತವೆ. ಇವುಗಳಲ್ಲಿ ಕಾರ್ಮ್-2, ಕಾರ್ಮ್-3 ಎಂಬೆರಡು ಇ. ಕೋಲಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ ಎಂದು 2007ರಲ್ಲೇ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಅನಿಲ ಹೋಗಿ ಬ್ಯಾಕ್ಟೀರಿಯಾದ ಉಸಿರಾಟದ ಕಿಣ್ವಗಳಲ್ಲಿರುವ, ಕಬ್ಬಿಣ ಹೊಂದಿದ ಭಾಗವಾದ ಹೀಮ್‌ಗೆ ಅಂಟಿಕೊಳ್ಳುತ್ತದೆ. ಆದರೆ ನಿಜವಾಗಿ ಕೊಲ್ಲುವುದು ಅನಿಲವೋ, ಲೋಹವೋ? ನನಗಂತೂ ಲೋಹದ ಮೇಲೇ ಅನುಮಾನ ಜಾಸ್ತಿ. ಬಂದು ಜಗಳ ಆಡಿ.

ಇದು ಇನ್ನೂ ಪ್ರಯೋಗಾಲಯದ ಮಾತು, ಅಂಗಡಿಯಲ್ಲಿ ಸಿಗುವ ಔಷಧಿಯಲ್ಲ. ಸುಮ್ನೆ ಬೇರೆ ಗುಂಪಿಗೆ ಫಾರ್ವರ್ಡ್ ಮಾಡಬೇಡಿ. ಚಳಿ ಅಂತ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಇದೇ ಅನಿಲ ಜೀವ ತೆಗೆಯುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು ಯಾರಾದರೂ ಹೀಮ್‌ನ ಚಿತ್ರ ದೊಡ್ಡದಾಗಿ ಬರೆದು ತರುತ್ತೀರಾ? ಪಿಯುಸಿ ಮಕ್ಕಳನ್ನೂ ಕರೆತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಮಳೆ ಬಂದರೆ ಬೇರೆ ಜಾಗ ತಿಳಿಸುತ್ತೇನೆ.