ಕಾಲಿಗೆ ಆಸರೆ, ಬೆರಳಿಗೆ ಚುಕ್ಕಾಣಿ

ಸಿಯಾಟಲ್

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ಅಮ್ಮ, ಅತ್ತಿಗೆ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವು ಚೆನ್ನಾಗಿದ್ದೇವೆ.

ನನ್ನ ಕಯಾಕ್‌ನ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಫೋಟೊ ನೋಡಿ, ಅಷ್ಟು ತೆಳು ಹಲಗೆಗೆ ಕಾಲಿನ ಆಸರೆ, ಚುಕ್ಕಾಣಿಯ ಪೆಡಲಿನಂಥ ಒಳಗಿನ ಸಾಮಾನನ್ನು ಹೇಗೆ ನಿಲ್ಲಿಸಿದೆ ಎಂದು ನೀನು ಕೇಳಿದ್ದೆ. ಗಂಗೊಳ್ಳಿಯಲ್ಲಿ ದೋಣಿ ಕೆಲಸ ಮಾಡುವ ನಿನಗೆ ಆ ಪ್ರಶ್ನೆ ಬರದೆ ಇರುತ್ತದೆಯೇ! ಒಡಲು ಒಕೂಮೆ ಎಂಬ ಹಗುರ ಮರದ 4 ಮಿ.ಮೀ. ಪ್ಲೈವುಡ್. ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ತುಂಬಿ, ಒಳಗೂ ಹೊರಗೂ ಫೈಬರ್ ಗ್ಲಾಸ್ ಬಟ್ಟೆ ಅಂಟಿಸಿದ್ದೇನೆ. ಅದಕ್ಕೆ ತೂತು ಕೊರೆಯಲು ಮನಸ್ಸು ಬರಲಿಲ್ಲ. ನೀರು ಹೊಕ್ಕು ಮರ ಕೊಳೆಯುವುದು ಅಲ್ಲಿಂದಲೇ. ಪ್ಲೈವುಡ್ಡಿನ ಸಣ್ಣ ಬಿಲ್ಲೆಗಳಲ್ಲಿ ಸ್ಟೇನ್‌ಲೆಸ್ ಬೋಲ್ಟಿನ ತಲೆ ಹುದುಗಿಸಿ, ಬಿಲ್ಲೆಯನ್ನು ಒಳಮೈಗೆ ಎಪಾಕ್ಸಿಯಿಂದ ಅಂಟಿಸಿದೆ. ಹೊರಚಾಚಿದ ಬೋಲ್ಟಿಗೆ ಮರದ ಪಟ್ಟಿ ಸಿಕ್ಕಿಸಿ ನಟ್ ಬಿಗಿದರೆ ಮುಗಿಯಿತು. ಪಟ್ಟಿಯ ತೂತುಗಳ ಸಾಲಿನಲ್ಲಿ ಪಾದ ಒತ್ತಿಡುವ ಅಡ್ಡಹಲಗೆಯನ್ನು ಕಾಲಿನ ಉದ್ದಕ್ಕೆ ತಕ್ಕಂತೆ ಸರಿಸಬಹುದು.

ಆ ಅಡ್ಡಹಲಗೆಯೇ ದೋಣಿಯ ಜೀವ. ಬಲಗಡೆ ಹುಟ್ಟು ಎಳೆಯುವಾಗ ಬಲಗಾಲು ಒತ್ತಬೇಕು. ಸೊಂಟ ತಿರುಗಿ ಹುಟ್ಟಿದ ಬಲ ಆ ಕಾಲಿನ ಮೂಲಕ ದೋಣಿಗೆ ಮುಟ್ಟುತ್ತದೆ. ಚುಕ್ಕಾಣಿ ತಿರುಗಿಸುವುದೂ ಕಾಲಿನಿಂದಲೇ. ಹಳೆಯ ಬಗೆಯ ಚುಕ್ಕಾಣಿಗಳಲ್ಲಿ ಇಡೀ ಪೆಡಲೇ ಜಾರುತ್ತದೆ. ಒತ್ತಿದಾಗಲೆಲ್ಲ ಚುಕ್ಕಾಣಿ ಹೊರಳುತ್ತದೆ, ಕಾಲಿಗೆ ನೆಲೆ ಸಿಗುವುದಿಲ್ಲ. ಅದನ್ನು ನಾನು ಖಂಡಿತ ಒಪ್ಪಲಾರೆ. ಅಂಗಾಲಿಗೆ ಅಡ್ಡಹಲಗೆಯ ಕದಲದ ಆಸರೆ ಕೊಟ್ಟು, ಅದರ ಮೇಲಂಚಿಗೆ ಬಿಜಾಗರಿ ಹಾಕಿ, ಕಾರಿನ ಆಕ್ಸಿಲರೇಟರಿನಂತೆ ಬಾಗುವ ಎರಡು ಪುಟ್ಟ ಹಲಗೆ ಕೂರಿಸಿದ್ದೇನೆ. ಅವುಗಳ ತುದಿಯಿಂದ ಡೈನೀಮಾ ಎಂಬ ಗಟ್ಟಿ ಎಳೆಯ ಹುರಿ ಪ್ಲಾಸ್ಟಿಕ್ ಕೊಳವೆಯೊಳಗೆ ಹಾದು ಹಿಂದಿನ ಚುಕ್ಕಾಣಿಗೆ ಹೋಗುತ್ತದೆ. ಬಲಗಾಲಿನ ಬೆರಳು ಒತ್ತಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಹುರಿ ಸಡಿಲವಾಗದಂತೆ ರಬ್ಬರ್ ಹಗ್ಗವೊಂದು ಹಲಗೆಗಳನ್ನು ಮುಂದಕ್ಕೆ ಎಳೆದಿಟ್ಟಿರುತ್ತದೆ.

ಪ್ಯೂಜೆಟ್ ಸೌಂಡ್‌ನಲ್ಲಿ (ಇಲ್ಲಿಯ ಕಡಲ ಕೊಲ್ಲಿ) ಅಡ್ಡಗಾಳಿ ಬೀಸಿದಾಗ ದೋಣಿಯ ಮೂತಿ ಗಾಳಿಯತ್ತಲೇ ತಿರುಗಲು ನೋಡುತ್ತದೆ. ಚುಕ್ಕಾಣಿ ಬೇಕಾಗುವುದು ಹೆಚ್ಚಾಗಿ ಅದನ್ನು ತಡೆಯಲು. ಇಲ್ಲಿಯ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಮಗುಚಿದರೆ ಕೂಡಲೇ ಹೊರಬರಬೇಕು. ಅಡ್ಡಹಲಗೆಯ ಕೆಳಗೆ ಪಾದ ತೂರುವಷ್ಟು ಸಂದಿಯನ್ನಾಗಲಿ, ಕಾಲಿಗೆ ತೊಡರುವ ಹುರಿಯನ್ನಾಗಲಿ ಬಿಟ್ಟಿಲ್ಲ. ಅಮ್ಮನಿಗೆ ಇದನ್ನು ಮರೆಯದೆ ಹೇಳು.

ಬಿಜಾಗರಿ ಹಿತ್ತಾಳೆಯದು, ತಿರುಪು ಸ್ಟೇನ್‌ಲೆಸ್. ಉಪ್ಪುನೀರಿನಲ್ಲಿ ಇವೆರಡು ಒಟ್ಟಿಗಿದ್ದರೆ ಹಿತ್ತಾಳೆ ಸವೆಯುತ್ತದೆಂಬ ಚಿಂತೆ ನನಗಿದೆ. ಬಿಜಾಗರಿಯನ್ನೂ ಸ್ಟೇನ್‌ಲೆಸ್ಸಿಗೆ ಬದಲಿಸಲೇ, ಅಥವಾ ಅದರ ಬದಲು ನೈಲಾನ್ ಪಟ್ಟಿ ಹೊಲಿದರೆ ಸಾಕೇ? ನೀನು ಹೇಳಿದಂತೆ ಮಾಡುತ್ತೇನೆ.

ಇತಿ,
ನಿನ್ನ ತಮ್ಮ